ಒಂದು ಲೆಕ್ಕಕ್ಕೆ ಒಂದು ವಾರ

ಶಾಲೆ ಶುರುವಾಗಿ ಒಂದೆರಡು ತಿಂಗಳಾಗುತ್ತಿದ್ದಂತೆ ಮಕ್ಕಳ ಬ್ಯಾಗಿನಲ್ಲಿ ಬಣ್ಣಬಣ್ಣದ ಅರ್ಜಿಗಳು ಮನೆಗೆ ಬರತೊಡಗುತ್ತವೆ. ಗಣಿತ ಒಲಿಂಪಿಯಾಡ್, ವಿಜ್ಞಾನ ಒಲಿಂಪಿಯಾಡ್, ಇಂಗ್ಲಿಷ್ ಒಲಿಂಪಿಯಾಡ್, ಸಾಮಾನ್ಯ ಜ್ಞಾನದ ಒಲಿಂಪಿಯಾಡ್. ಪರೀಕ್ಷೆಗೆ ಇಷ್ಟು ಶುಲ್ಕ, ಅಭ್ಯಾಸ ಪುಸ್ತಕಕ್ಕೆ ಇನ್ನಷ್ಟು, ಕೊನೆಗೆ ಎಲ್ಲರಿಗೂ ಒಂದೊಂದು ಸರ್ಟಿಫಿಕೇಟ್. "ಮೇಷ್ಟ್ರೇ, ಇದಕ್ಕೆ ಸೇರಿಸೋಣವೋ ಬೇಡವೋ?" ಎಂದು ತಂದೆ ತಾಯಂದಿರು ಕೇಳುತ್ತಾರೆ. ಪಕ್ಕದ ಮನೆಯ ಹುಡುಗ ಸೇರಿದ್ದಾನೆ ಎಂಬುದನ್ನೂ ಜೊತೆಗೆ ಹೇಳುತ್ತಾರೆ. ಈ ಬರಹ ಹಾಗೆ ಕೇಳುವವರಿಗಾಗಿ. ಸ್ಪರ್ಧೆಗಳ ಬಗ್ಗೆ ಏನೂ ಗೊತ್ತಿಲ್ಲದವರು, ಗಣಿತ ಎಂದರೆ ಸ್ವಲ್ಪ ಹಿಂಜರಿಯುವವರು ಕೂಡ ಓದಬಹುದು. ಮಧ್ಯದಲ್ಲಿ ಒಂದು ಲೆಕ್ಕ ಬರುತ್ತದೆ. ಅದನ್ನು ಹಾರಿಸಬೇಡಿ, ಬಾಕಿ ಮಾತೆಲ್ಲ ಅದರ ಮೇಲೆಯೇ ನಿಂತಿದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಶಾಲೆಗೆ ಬರುವ ಅರ್ಜಿಗಳಲ್ಲಿ ಹೆಚ್ಚಿನವು ಖಾಸಗಿ ಕಂಪನಿಗಳು ನಡೆಸುವ ಪರೀಕ್ಷೆಗಳಿಗೆ ಸೇರಿದವು. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಿ ಒಎಂಆರ್ ಹಾಳೆಯಲ್ಲಿ ಗುಂಡು ತುಂಬುವ ಪರೀಕ್ಷೆಗಳು ಅವು. ಅವನ್ನು ಕೆಟ್ಟವು ಎನ್ನಲಾರೆ. ಕೆಲವು ಮಕ್ಕಳಿಗೆ ಅವುಗಳಿಂದ ಪರೀಕ್ಷೆಯ ಭಯ ಹೋಗುತ್ತದೆ. ಆದರೆ ದೇಶದ ತಂಡವನ್ನು ಆರಿಸುವ ಒಲಿಂಪಿಯಾಡ್‌ಗೂ ಅವಕ್ಕೂ ಸಂಬಂಧವಿಲ್ಲ. ಆ ಒಲಿಂಪಿಯಾಡ್‌ಗಳ ಹೊಣೆ ಮುಂಬೈಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ್ದು. ಅದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅಂಗ. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಖಗೋಳಶಾಸ್ತ್ರ ಎಲ್ಲಕ್ಕೂ ಅಲ್ಲಿಂದಲೇ ತಂಡಗಳು ಹೊರಡುತ್ತವೆ. ನಾನು ಕಲಿಸುವುದು ಗಣಿತವಾದ್ದರಿಂದ ಅದನ್ನೇ ಹಿಡಿದು ಮಾತಾಡುತ್ತೇನೆ.

1959ರಲ್ಲಿ ರುಮೇನಿಯಾದಲ್ಲಿ ಮೊದಲ ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡ್ ನಡೆಯಿತು. ಬಂದದ್ದು ಏಳೇ ದೇಶಗಳು, ಎಲ್ಲವೂ ಸೋವಿಯತ್ ಬಣದವು. ಅಲ್ಲಿ ಕೇಳಿದ ಮೊಟ್ಟಮೊದಲ ಪ್ರಶ್ನೆಯನ್ನು ನಮ್ಮ ಒಂಬತ್ತನೆಯ ತರಗತಿಯ ಮಗು ಕೂಡ ಅರ್ಥಮಾಡಿಕೊಳ್ಳಬಲ್ಲದು. ಪ್ರಶ್ನೆ ಹೀಗಿದೆ. ಯಾವುದಾದರೂ ಒಂದು ಸ್ವಾಭಾವಿಕ ಸಂಖ್ಯೆಯನ್ನು ಹಿಡಿದುಕೊಳ್ಳಿ. ಅದನ್ನು 21ರಿಂದ ಗುಣಿಸಿ 4 ಕೂಡಿಸಿ, ಅದು ಭಿನ್ನರಾಶಿಯ ಅಂಶ. ಅದೇ ಸಂಖ್ಯೆಯನ್ನು 14ರಿಂದ ಗುಣಿಸಿ 3 ಕೂಡಿಸಿ, ಅದು ಛೇದ. ನೀವು ಯಾವ ಸಂಖ್ಯೆಯನ್ನೇ ಹಿಡಿದಿರಲಿ, ಹೀಗೆ ಬರುವ ಭಿನ್ನರಾಶಿಯನ್ನು ಇನ್ನೂ ಚಿಕ್ಕದು ಮಾಡಲು, ಅಂದರೆ ಮೇಲೆ ಕೆಳಗೆ ಒಂದೇ ಸಂಖ್ಯೆಯಿಂದ ಹೊಡೆದುಹಾಕಲು, ಸಾಧ್ಯವಿಲ್ಲ ಎಂದು ಸಾಧಿಸಿ.

ಇದನ್ನು ಬೋರ್ಡಿನ ಮೇಲೆ ಬರೆದಾಗ ತರಗತಿಯಲ್ಲಿ ಏನಾಗುತ್ತದೆ ಎಂಬುದು ನೋಡುವಂಥದ್ದು. ಮೊದಲು ಯಾರೂ ಪೆನ್ನು ಎತ್ತುವುದಿಲ್ಲ. "ಸರ್, ಯಾವ ಸೂತ್ರ ಹಾಕಬೇಕು?" ಎಂದು ಒಬ್ಬರು ಕೇಳುತ್ತಾರೆ. ಸೂತ್ರವಿಲ್ಲ ಎಂದರೆ "ಯಾವ ಪಾಠದ್ದು?" ಎಂದು ಇನ್ನೊಬ್ಬರು. ಯಾವ ಪಾಠದ್ದೂ ಅಲ್ಲ ಎಂದ ಮೇಲೆ ಒಂದಷ್ಟು ಹೊತ್ತು ಮೌನ. ಆಮೇಲೆ ಯಾರೋ ಒಬ್ಬಳು ಸುಮ್ಮನೆ ಸಂಖ್ಯೆ ಹಾಕಿ ನೋಡಲು ಶುರುಮಾಡುತ್ತಾಳೆ. 1 ಹಾಕಿದರೆ 25ರ ಕೆಳಗೆ 17. 2 ಹಾಕಿದರೆ 46ರ ಕೆಳಗೆ 31. 3ಕ್ಕೆ 67ರ ಕೆಳಗೆ 45, 4ಕ್ಕೆ 88ರ ಕೆಳಗೆ 59. ಯಾವುದೂ ಹೊಡೆಯುವುದಿಲ್ಲ. "ಹೌದು ಸರ್, ಆಗೋದೇ ಇಲ್ಲ!" ಎಂದು ಅರ್ಧ ತರಗತಿ ಪುಸ್ತಕ ಮುಚ್ಚುತ್ತದೆ.

ಪಾಠ ಶುರುವಾಗುವುದೇ ಅಲ್ಲಿಂದ. ನಾಲ್ಕು ಸಂಖ್ಯೆಗೆ ಆಗಲಿಲ್ಲ, ಸರಿ. ನಾಲ್ಕು ಲಕ್ಷದ ಒಂದನೆಯ ಸಂಖ್ಯೆಗೂ ಆಗುವುದಿಲ್ಲ ಎಂದು ಹೇಗೆ ಹೇಳುತ್ತೀರಿ? ಈ ಅನುಮಾನ ಬರೀ ತರ್ಲೆ ಎಂದು ಮಕ್ಕಳಿಗೆ ಅನಿಸಬಾರದೆಂದು ನಾನು ಇನ್ನೊಂದು ಲೆಕ್ಕ ಕೊಡುತ್ತೇನೆ. ಗಣಿತಜ್ಞ ಆಯ್ಲರ್ ಕಾಲದಿಂದ ಹೆಸರಾದದ್ದು. ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಅದೇ ಸಂಖ್ಯೆಯನ್ನು ಕೂಡಿಸಿ, ಮೇಲೆ 41 ಸೇರಿಸಿ. 1ಕ್ಕೆ 43, 2ಕ್ಕೆ 47, 3ಕ್ಕೆ 53, 4ಕ್ಕೆ 61 ಬರುತ್ತದೆ. ಎಲ್ಲವೂ ಅವಿಭಾಜ್ಯ ಸಂಖ್ಯೆಗಳು. 39ರವರೆಗೆ ಹಾಕುತ್ತಾ ಹೋದರೂ ಅವಿಭಾಜ್ಯವೇ. 40 ಹಾಕಿದಾಗ 1681 ಬರುತ್ತದೆ. ಅದು 41ನ್ನು 41ರಿಂದ ಗುಣಿಸಿದರೆ ಸಿಗುವ ಸಂಖ್ಯೆ, ಅವಿಭಾಜ್ಯವಲ್ಲ. ಮೂವತ್ತೊಂಬತ್ತು ಸಲ ನಿಜವಾದದ್ದು ನಲವತ್ತನೆಯ ಸಲ ಕೈಕೊಟ್ಟಿತು. ಇದನ್ನು ಕಣ್ಣಾರೆ ಕಂಡ ಮಗು ಮತ್ತೆಂದೂ "ನಾಲ್ಕು ಸಲ ನೋಡಿದೆ, ಸರಿಯಿದೆ" ಎಂದು ಸುಮ್ಮನಾಗುವುದಿಲ್ಲ. ನನ್ನ ಮಟ್ಟಿಗೆ ಇಡೀ ವರ್ಷದ ಪಾಠಕ್ಕಿಂತ ಇದು ದೊಡ್ಡದು.

ಈಗ ಮೂಲ ಲೆಕ್ಕಕ್ಕೆ ಬರೋಣ. ಅಂಶವನ್ನೂ ಛೇದವನ್ನೂ ಹೊಡೆಯುವ ಒಂದು ಸಂಖ್ಯೆ ಇದೆ ಎಂದೇ ಇಟ್ಟುಕೊಳ್ಳಿ. ಎರಡನ್ನೂ ನಿಶ್ಶೇಷವಾಗಿ ಭಾಗಿಸುವ ಸಂಖ್ಯೆ ಅವೆರಡರ ವ್ಯತ್ಯಾಸವನ್ನೂ ಭಾಗಿಸಲೇಬೇಕಲ್ಲವೇ? ಅಂಶದಿಂದ ಛೇದವನ್ನು ಕಳೆಯಿರಿ. 21 ಪಟ್ಟಿನಲ್ಲಿ 14 ಪಟ್ಟು ಹೋಗಿ 7 ಪಟ್ಟು ಉಳಿಯಿತು, 4ರಲ್ಲಿ 3 ಹೋಗಿ 1 ಉಳಿಯಿತು. ಅಂದರೆ ನೀವು ಹಿಡಿದ ಸಂಖ್ಯೆಯ 7 ಪಟ್ಟು, ಮೇಲೆ 1. ನಮ್ಮ ಗುಪ್ತ ಸಂಖ್ಯೆ ಇದನ್ನೂ ಭಾಗಿಸಬೇಕು. ಹಾಗಾದರೆ ಇದರ ಎರಡರಷ್ಟನ್ನೂ, ಅಂದರೆ 14 ಪಟ್ಟು ಮತ್ತು 2 ಇರುವುದನ್ನೂ, ಭಾಗಿಸಬೇಕು. ಛೇದದಲ್ಲಿರುವುದು 14 ಪಟ್ಟು ಮತ್ತು 3. ಮತ್ತೆ ಕಳೆದರೆ ಉಳಿಯುವುದು 1, ಬರೀ 1. ಒಂದನ್ನು ಭಾಗಿಸುವ ಸಂಖ್ಯೆ ಒಂದೇ ಹೊರತು ಬೇರೆ ಇಲ್ಲ. ಆದ್ದರಿಂದ ಆ ಭಿನ್ನರಾಶಿಯನ್ನು ಹೊಡೆಯಲು ಸಾಧ್ಯವಿಲ್ಲ. ನಾಲ್ಕಕ್ಕಾಗಲಿ ನಾಲ್ಕು ಲಕ್ಷಕ್ಕಾಗಲಿ, ಮಾತು ಮುಗಿಯಿತು. ನಂಬಿಕೆ ಬರದಿದ್ದರೆ 4ಕ್ಕೆ ಹಾಕಿ ನೋಡಿ: 88ರಲ್ಲಿ 59 ಕಳೆದರೆ 29, ಅದರ ಎರಡರಷ್ಟು 58, 59ರಲ್ಲಿ 58 ಕಳೆದರೆ 1.

ಇಲ್ಲಿ ಬಳಸಿದ್ದು ಕೂಡುವುದು, ಕಳೆಯುವುದು, ಗುಣಿಸುವುದು. ಮಹತ್ತಮ ಸಾಮಾನ್ಯ ಅಪವರ್ತನ (ಮ.ಸಾ.ಅ.) ಕಂಡುಹಿಡಿಯಲು ಯೂಕ್ಲಿಡ್ ಹೇಳಿಕೊಟ್ಟ ದಾರಿಯೇ ಇದು. ಮಗುವಿಗೆ ಇದಕ್ಕಾಗಿ ಹೊಸ ಗಣಿತವೇನೂ ಬೇಕಾಗಲಿಲ್ಲ. ಸೂತ್ರವಿಲ್ಲದ ಜಾಗದಲ್ಲಿ ನಿಂತು ಮುಂದಿನ ಹೆಜ್ಜೆಯನ್ನು ತಾನೇ ಹುಡುಕುವ ಧೈರ್ಯ ಬೇಕಾಯಿತು. ನಮ್ಮ ಪರೀಕ್ಷೆಗಳಲ್ಲಿ ಇದನ್ನು ಕಲಿಯಲು ಜಾಗವಿಲ್ಲ. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯಲ್ಲಿ ಪ್ರಶ್ನೆ ಓದಿದ ತಕ್ಷಣ ಇದು ಯಾವ ಪಾಠದ್ದು, ಎಷ್ಟು ಅಂಕದ್ದು, ಎಷ್ಟು ಹಂತದ್ದು ಎಂದು ಗೊತ್ತಾಗುತ್ತದೆ, ಗೊತ್ತಾಗಬೇಕು ಕೂಡ. ಲಕ್ಷಾಂತರ ಮಕ್ಕಳನ್ನು ಒಂದೇ ಅಳತೆಯಲ್ಲಿ ತೂಗಬೇಕಾದ ಪರೀಕ್ಷೆ ಅದು, ಅದರ ಕೆಲಸವೇ ಬೇರೆ. ಗೊತ್ತಿಲ್ಲದ್ದರ ಎದುರು ಕೂತುಕೊಳ್ಳುವುದನ್ನು ಕಲಿಸುವ ಜಾಗ ಬೇರೆಲ್ಲಾದರೂ ಇರಬೇಕಷ್ಟೆ.

ಆ ಜಾಗವನ್ನು ಮೊದಲು ಅಚ್ಚುಕಟ್ಟಾಗಿ ಕಟ್ಟಿದವರು ಹಂಗೆರಿಯವರು. 1894ರಲ್ಲಿ ಅಲ್ಲಿ ಎರಡು ಕೆಲಸ ಒಟ್ಟಿಗೆ ಆದವು. ಗ್ಯೋರ್ ಎಂಬ ಊರಿನ ಶಾಲಾ ಮೇಷ್ಟ್ರು ದಾನಿಯೆಲ್ ಅರಾನಿ ಹೈಸ್ಕೂಲು ಮಕ್ಕಳಿಗಾಗಿ ಒಂದು ಗಣಿತ ಮಾಸಪತ್ರಿಕೆ ಶುರುಮಾಡಿದರು. ಅದರಲ್ಲಿ ಲೆಕ್ಕಗಳು ಅಚ್ಚಾಗುತ್ತಿದ್ದವು. ಮಕ್ಕಳು ಬಿಡಿಸಿ ಅಂಚೆಯಲ್ಲಿ ಕಳಿಸುತ್ತಿದ್ದರು. ಒಳ್ಳೆಯ ಉತ್ತರ ಬರೆದವರ ಹೆಸರು ಪತ್ರಿಕೆಯಲ್ಲಿ ಬರುತ್ತಿತ್ತು. ಅದೇ ವರ್ಷ, ಭೌತವಿಜ್ಞಾನಿ ಲೊರಾಂಡ್ ಎಟ್ವೆಶ್ ಶಿಕ್ಷಣ ಮಂತ್ರಿಯಾದ ಸಂತೋಷಕ್ಕೆ ಅಲ್ಲಿನ ಗಣಿತ ಮತ್ತು ಭೌತವಿಜ್ಞಾನ ಸಂಘ ಶಾಲೆ ಮುಗಿಸಿದವರಿಗೆ ಒಂದು ಸ್ಪರ್ಧೆ ಏರ್ಪಡಿಸಿತು. ಮೂರು ಲೆಕ್ಕ, ನಾಲ್ಕು ಗಂಟೆ. ಬೇಕಾದ ಪುಸ್ತಕ, ನೋಟ್ಸು ತಂದುಕೊಳ್ಳಬಹುದು! ಪುಸ್ತಕ ನೋಡಿ ಬರೆಯಬಹುದಾದ ಸ್ಪರ್ಧೆ ಎಂದರೆ ನಮ್ಮಲ್ಲಿ ನಗುತ್ತಾರೆ. ಆದರೆ ಉತ್ತರ ಯಾವ ಪುಸ್ತಕದಲ್ಲೂ ಇಲ್ಲದಿದ್ದಾಗ ನಕಲು ಹೊಡೆಯುವುದು ಎಲ್ಲಿಂದ?

ಇವೆರಡರಲ್ಲಿ ಯಾವುದು ಹೆಚ್ಚು ಎಂದು ಕೇಳಿದರೆ ನಾನು ಪತ್ರಿಕೆಯ ಪರ. ಸ್ಪರ್ಧೆ ವರ್ಷಕ್ಕೊಮ್ಮೆ, ನಾಲ್ಕು ಗಂಟೆ. ಪತ್ರಿಕೆಯ ಲೆಕ್ಕ ಒಂದಿಡೀ ತಿಂಗಳು ಮಗುವಿನ ತಲೆಯಲ್ಲಿರುತ್ತದೆ. ಊಟದ ಹೊತ್ತಿನಲ್ಲಿ, ಬಸ್ಸಿನಲ್ಲಿ, ನಿದ್ದೆ ಬರುವ ಮುಂಚೆ. ಆದರೆ ಸ್ಪರ್ಧೆ ಇಲ್ಲದಿದ್ದರೆ ಎಷ್ಟು ಮಕ್ಕಳು ಪತ್ರಿಕೆ ತೆರೆಯುತ್ತಿದ್ದರು ಎಂಬುದೂ ಪ್ರಶ್ನೆಯೇ. ಮಕ್ಕಳನ್ನು ಕೂರಿಸಲು ಒಂದು ತಾರೀಖು ಬೇಕು, ಒಂದು ಗುರಿ ಬೇಕು. ಆ ತಾರೀಖಿನವರೆಗೆ ಕೂತದ್ದೇ ಲಾಭ. ಸ್ಪರ್ಧೆಯ ಬೆಲೆ ಇರುವುದು ಗಂಟೆ ಬಾರಿಸುವ ಮುಂಚೆ ಕಳೆದ ದಿನಗಳಲ್ಲಿ ಎಂದು ನಾನು ಹೇಳುವುದು ಇದಕ್ಕೇ.

ಆ ಹಂಗೆರಿ ಸ್ಪರ್ಧೆಯಲ್ಲಿ ಗೆದ್ದವರ ಪಟ್ಟಿ ನೋಡಿದರೆ ಬೆರಗಾಗುತ್ತದೆ. ವಿಮಾನ ವಿಜ್ಞಾನದ ಥಿಯೋಡರ್ ವಾನ್ ಕಾರ್ಮಾನ್, ಗಣಿತದ ಗಾಬೊರ್ ಸೆಗೊ, ಪರಮಾಣು ವಿಜ್ಞಾನದ ಲಿಯೊ ಸಿಲಾರ್ಡ್, ಎಡ್ವರ್ಡ್ ಟೆಲ್ಲರ್. ಆದರೆ ನನಗೆ ಇಷ್ಟವಾದವರು ಗೆಲ್ಲದ ಒಬ್ಬರು. ಜಾರ್ಜ್ ಪೋಲ್ಯ ಆ ಪರೀಕ್ಷೆಗೆ ಕೂತು ಉತ್ತರ ಪತ್ರಿಕೆಯನ್ನೇ ಕೊಡದೆ ಎದ್ದುಬಂದರಂತೆ. ಅದೇ ಪೋಲ್ಯ ಮುಂದೆ ದೊಡ್ಡ ಗಣಿತಜ್ಞರಾದರು. ಲೆಕ್ಕ ಬಿಡಿಸುವುದು ಹೇಗೆ ಎಂಬುದರ ಬಗ್ಗೆಯೇ 1945ರಲ್ಲಿ ಪುಸ್ತಕ ಬರೆದರು. ಅದು ಇವತ್ತಿಗೂ ಜಗತ್ತಿನಾದ್ಯಂತ ಗಣಿತ ಮೇಷ್ಟ್ರುಗಳ ಕೈಯಲ್ಲಿದೆ. ಸೆಗೊ ಜೊತೆ ಸೇರಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಶಾಲಾ ಮಕ್ಕಳಿಗೆ ಅಂಥದೇ ಒಂದು ಸ್ಪರ್ಧೆಯನ್ನೂ ಶುರುಮಾಡಿದರು. ಮಗು ಖಾಲಿ ಹಾಳೆ ಕೊಟ್ಟು ಬಂದ ದಿನ ಅಪ್ಪ ಅಮ್ಮಂದಿರಿಗೆ ಈ ಸಂಗತಿ ನೆನಪಿಗೆ ಬಂದರೆ ಒಳ್ಳೆಯದು.

ಈಗ ನಮ್ಮ ದೇಶದ ವ್ಯವಸ್ಥೆ. ಭಾರತ ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ಗೆ ಮೊದಲು ತಂಡ ಕಳಿಸಿದ್ದು 1989ರಲ್ಲಿ. 1996ರಲ್ಲಿ ಮುಂಬೈಯಲ್ಲೇ ಅದು ನಡೆಯಿತು. ತಂಡ ಆರಿಸುವ ಮೊದಲ ಮೆಟ್ಟಿಲು ಐಒಕ್ಯುಎಂ ಎಂಬ ಪರೀಕ್ಷೆ. ಮೂರು ಗಂಟೆ, 30 ಪ್ರಶ್ನೆ. ಪ್ರತಿ ಉತ್ತರವೂ 00ರಿಂದ 99ರ ಒಳಗಿನ ಒಂದು ಪೂರ್ಣಾಂಕ. ಆರಿಸಿಕೊಳ್ಳಲು ನಾಲ್ಕು ಉತ್ತರ ಕೊಟ್ಟಿರುವುದಿಲ್ಲವಾದ್ದರಿಂದ ಕತ್ತಲಲ್ಲಿ ಕಲ್ಲು ಹೊಡೆದರೆ ಪ್ರಯೋಜನವಿಲ್ಲ. ಎಂಟನೆಯ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನವರು ಬರೆಯುತ್ತಾರೆ. ಎರಡನೆಯದು ಪ್ರಾದೇಶಿಕ ಮಟ್ಟದ ಆರ್‌ಎಂಒ, ಮೂರನೆಯದು ಸಾಮಾನ್ಯವಾಗಿ ಜನವರಿಯಲ್ಲಿ ನಡೆಯುವ ರಾಷ್ಟ್ರೀಯ ಮಟ್ಟದ ಐಎನ್‌ಎಂಒ. ಈ ಎರಡರಲ್ಲಿ ಉತ್ತರ ಬರೆದರೆ ಸಾಲದು, ಯಾಕೆ ಸರಿ ಎಂಬ ವಾದವನ್ನು ಪೂರ್ತಿ ಬರೆಯಬೇಕು. ಅಲ್ಲಿಂದ ಆಯ್ಕೆಯಾದವರಿಗೆ ಬೇಸಿಗೆಯಲ್ಲಿ ತರಬೇತಿ ಶಿಬಿರ. ಅವರಲ್ಲಿ ಆರು ಮಂದಿಯ ತಂಡ. ನಿಯಮ, ವಯಸ್ಸಿನ ಮಿತಿ, ತಾರೀಖುಗಳು ಆಗಾಗ ಬದಲಾಗುತ್ತವೆ. ಆದ್ದರಿಂದ ಯಾರೋ ಹೇಳಿದ್ದನ್ನು ನಂಬದೆ ಆಯಾ ವರ್ಷದ ಪ್ರಕಟಣೆಯನ್ನು ಹೋಮಿ ಭಾಭಾ ಕೇಂದ್ರದ ಜಾಲತಾಣದಲ್ಲಿ ನೋಡಿಕೊಳ್ಳಿ.

ಇದರಲ್ಲಿ ಬೆಂಗಳೂರಿಗೆ ದೊಡ್ಡ ಪಾಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಗಣಿತ ವಿಭಾಗದಲ್ಲಿದ್ದ ಒಲಿಂಪಿಯಾಡ್ ಘಟಕದಲ್ಲಿ ಸಿ. ಆರ್. ಪ್ರಾಣೇಶಾಚಾರ್ ಮತ್ತು ಬಿ. ಜೆ. ವೆಂಕಟಾಚಲ ಅನೇಕ ವರ್ಷ ಈ ಕೆಲಸ ಮಾಡಿದರು. ವಿ. ಕೃಷ್ಣಮೂರ್ತಿ, ಕೆ. ಎನ್. ರಂಗನಾಥನ್ ಅವರೊಂದಿಗೆ ಸೇರಿ ಅವರು ಬರೆದ 'ಚಾಲೆಂಜ್ ಅಂಡ್ ಥ್ರಿಲ್ ಆಫ್ ಪ್ರೀ-ಕಾಲೇಜ್ ಮ್ಯಾಥಮ್ಯಾಟಿಕ್ಸ್' ಎಂಬ ಪುಸ್ತಕವನ್ನು ದೇಶದ ಮೂಲೆಮೂಲೆಯ ಒಲಿಂಪಿಯಾಡ್ ಮಕ್ಕಳು ತಿರುವಿ ಹಾಕಿದ್ದಾರೆ. ಇಂಥದೊಂದು ದಪ್ಪ ಪುಸ್ತಕ ಕನ್ನಡದಲ್ಲಿ ಕೈಗೆ ಸುಲಭವಾಗಿ ಸಿಗುವಂತೆ ಇರಬೇಕಿತ್ತು ಎಂಬ ಕೊರಗು ನನಗಿದೆ. ಕನ್ನಡ ಮಾಧ್ಯಮದ ಮಗು ಗಣಿತಕ್ಕಿಂತ ಮೊದಲು ಇಂಗ್ಲಿಷನ್ನು ದಾಟಬೇಕಾಗುತ್ತದೆ. ಅಂತಾರಾಷ್ಟ್ರೀಯ ಮಟ್ಟದಲ್ಲಿ ಹಾಗಿಲ್ಲ ಎಂಬುದು ಗಮನಿಸಬೇಕಾದದ್ದು. ಅಲ್ಲಿ ತಂಡದ ನಾಯಕರು ಪ್ರಶ್ನೆಗಳನ್ನು ತಮ್ಮ ಮಕ್ಕಳ ಭಾಷೆಗೆ ಅನುವಾದಿಸುತ್ತಾರೆ, ಮಕ್ಕಳು ತಮ್ಮ ಭಾಷೆಯಲ್ಲೇ ಉತ್ತರ ಬರೆಯುತ್ತಾರೆ.

ಕೊನೆಯ ಆ ಸ್ಪರ್ಧೆ ಎರಡು ದಿನದ್ದು. ದಿನಕ್ಕೆ ನಾಲ್ಕೂವರೆ ಗಂಟೆ, ಮೂರೇ ಲೆಕ್ಕ. ಲೆಕ್ಕಕ್ಕೆ 7 ಅಂಕ, ಒಟ್ಟು 42. ಒಂದು ಲೆಕ್ಕಕ್ಕೆ ಸರಾಸರಿ ಒಂದೂವರೆ ಗಂಟೆ ಎಂದಾಯಿತು. ನಿಮಿಷಕ್ಕೊಂದು ಪ್ರಶ್ನೆ ಹೊಡೆಯುವುದನ್ನೇ ಜಾಣತನ ಎಂದುಕೊಂಡವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಪದಕಗಳ ಹಂಚಿಕೆಯೂ ಓಟದ ಪಂದ್ಯದ ಹಾಗಿಲ್ಲ. ಚಿನ್ನ ಒಬ್ಬರಿಗೇ ಸಿಗುವುದಲ್ಲ. ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಪದಕ, ಅದರಲ್ಲಿ ಚಿನ್ನ, ಬೆಳ್ಳಿ, ಕಂಚು ಸರಿಸುಮಾರು ಒಂದು, ಎರಡು, ಮೂರರ ಪ್ರಮಾಣದಲ್ಲಿ. ಪದಕ ಬರದಿದ್ದರೂ ಒಂದೇ ಒಂದು ಲೆಕ್ಕವನ್ನು ಪೂರ್ತಿ, ಏಳಕ್ಕೆ ಏಳು ಬರುವಂತೆ, ಬಿಡಿಸಿದವರಿಗೆ ಪ್ರಶಂಸೆಯ ಪತ್ರವಿದೆ. ಆರು ಲೆಕ್ಕಗಳನ್ನು ಅರ್ಧಂಬರ್ಧ ಮುಟ್ಟಿದ್ದಕ್ಕಿಂತ ಒಂದನ್ನು ಕೊನೆ ಮುಟ್ಟಿಸಿದ್ದಕ್ಕೆ ಬೆಲೆ ಕೊಡುವ ಈ ನಿಯಮವನ್ನು ಮಾಡಿದವರು ಯಾರೋ, ಮಕ್ಕಳನ್ನು ಬಲ್ಲವರೇ ಇರಬೇಕು. ಭಾರತ ಇದುವರೆಗೆ ಪಡೆದ ಅತಿ ಒಳ್ಳೆಯ ಸ್ಥಾನ 2024ರಲ್ಲಿ ಇಂಗ್ಲೆಂಡಿನ ಬಾತ್ ನಗರದಲ್ಲಿ ಬಂದ ನಾಲ್ಕನೆಯದು. ನಾಲ್ಕು ಚಿನ್ನ, ಒಂದು ಬೆಳ್ಳಿ, ಮತ್ತೆ ಆರನೆಯವರಿಗೆ ಅದೇ ಪ್ರಶಂಸೆಯ ಪತ್ರ.

ದೊಡ್ಡವರೂ ಎಡವುತ್ತಾರೆ. 1988ರಲ್ಲಿ ಆಸ್ಟ್ರೇಲಿಯಾದಲ್ಲಿ ಕೇಳಿದ ಆರನೆಯ ಲೆಕ್ಕ ಇಂದಿಗೂ ಹೆಸರುವಾಸಿ. ಅದನ್ನು ಪೂರ್ತಿ ಬಿಡಿಸಿದವರು 11 ಮಂದಿ ಮಾತ್ರ. ಆ ವರ್ಷ ಚಿನ್ನ ಗೆದ್ದ ಹದಿಮೂರರ ಹುಡುಗ ಟೆರೆನ್ಸ್ ಟಾವ್‌ಗೆ ಅದರಲ್ಲಿ ಬಂದದ್ದು ಏಳಕ್ಕೆ ಒಂದು ಅಂಕ. ಆತ 2006ರಲ್ಲಿ ಗಣಿತದ ದೊಡ್ಡ ಗೌರವವಾದ ಫೀಲ್ಡ್ಸ್ ಪದಕ ಪಡೆದರು.

ಆದರೆ ಹೊಸಬರಿಗೆ ನಾನು ಹೇಳುವ ಕತೆ ಟಾವ್ ಅವರದ್ದಲ್ಲ, ಇರಾನಿನ ಮರ್ಯಮ್ ಮಿರ್ಜಾಖಾನಿಯದ್ದು. ಟೆಹರಾನಿನ ಹುಡುಗಿ. ಮಾಧ್ಯಮಿಕ ಶಾಲೆಯ ಮೊದಲ ವರ್ಷ ಗಣಿತದಲ್ಲಿ ಅಷ್ಟಕ್ಕಷ್ಟೆ. ಮೇಷ್ಟ್ರಿಗೆ ಆಕೆಯಲ್ಲಿ ವಿಶೇಷವೇನೂ ಕಾಣಲಿಲ್ಲ, ಆಕೆಗೂ ಆಸಕ್ತಿ ಹೋಯಿತು. ಮರುವರ್ಷ ಬೆನ್ನು ತಟ್ಟುವ ಬೇರೆ ಮೇಷ್ಟ್ರು ಸಿಕ್ಕರು, ಹುಡುಗಿ ಚೇತರಿಸಿಕೊಂಡಳು. ಹೈಸ್ಕೂಲಿಗೆ ಬಂದ ವರ್ಷ ಆಕೆ ಮತ್ತು ಗೆಳತಿ ರೋಯಾ ಬೆಹೆಷ್ತಿಯ ಕೈಗೆ ಒಂದು ರಾಷ್ಟ್ರೀಯ ಸ್ಪರ್ಧೆಯ ಪ್ರಶ್ನೆಪತ್ರಿಕೆ ಸಿಕ್ಕಿತು. ಆರು ಪ್ರಶ್ನೆ. ಸ್ಪರ್ಧೆಗೆ ಕೂತವರಿಗೆ ಮೂರು ಗಂಟೆ. ಇವರಿಬ್ಬರೂ ಹಲವು ದಿನ ಕೂತು ಮೂರನ್ನು ಬಿಡಿಸಿದರು. ನಮ್ಮ ಲೆಕ್ಕಾಚಾರದಲ್ಲಿ ಇದು ನೂರಕ್ಕೆ ಐವತ್ತು, ಅದೂ ಹೊತ್ತು ಮೀರಿ. ಆಕೆಗೆ ಮಾತ್ರ ತನ್ನಿಂದ ಇಷ್ಟಾದರೂ ಆಯಿತಲ್ಲ ಎಂಬ ಹಿಗ್ಗು. ಇಬ್ಬರೂ ನೇರ ಪ್ರಾಂಶುಪಾಲರ ಬಳಿ ಹೋಗಿ, ಹುಡುಗರ ಶಾಲೆಯಲ್ಲಿ ಲೆಕ್ಕ ಬಿಡಿಸುವ ವಿಶೇಷ ತರಗತಿ ಇದೆ, ನಮಗೂ ಬೇಕು ಎಂದು ಕೇಳಿದರು. ಪ್ರಾಂಶುಪಾಲರು ಒಪ್ಪಿದರು. ಮಿರ್ಜಾಖಾನಿ ಅಂತಾರಾಷ್ಟ್ರೀಯ ಒಲಿಂಪಿಯಾಡ್‌ನಲ್ಲಿ 1994ರಲ್ಲಿ 42ಕ್ಕೆ 41 ಅಂಕದೊಂದಿಗೆ ಚಿನ್ನ, 1995ರಲ್ಲಿ 42ಕ್ಕೆ 42ರೊಂದಿಗೆ ಮತ್ತೆ ಚಿನ್ನ ಪಡೆದರು. 2014ರಲ್ಲಿ ಫೀಲ್ಡ್ಸ್ ಪದಕ ಪಡೆದ ಮೊದಲ ಮಹಿಳೆಯಾದರು. 2017ರಲ್ಲಿ, ಇನ್ನೂ ನಲವತ್ತರಲ್ಲೇ, ತೀರಿಕೊಂಡರು. ತಾನು ನಿಧಾನವಾಗಿ ಯೋಚಿಸುವವಳು ಎಂದು ಆಕೆ ಹೇಳಿಕೊಂಡದ್ದುಂಟು. ಮೊದಲ ವರ್ಷದ ಆ ಮೇಷ್ಟ್ರ ಜಾಗದಲ್ಲಿ ನಾವೆಷ್ಟು ಜನ, ಎಷ್ಟು ಸಲ ನಿಂತಿರುತ್ತೇವೋ!

ಹುಡುಗಿಯರ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಈ ಸ್ಪರ್ಧೆಗಳ ತಂಡಗಳಲ್ಲಿ ಹುಡುಗಿಯರು ಬಹಳ ಕಡಿಮೆ. ಅದಕ್ಕಾಗಿ 2012ರಲ್ಲಿ ಕೇಂಬ್ರಿಡ್ಜಿನಲ್ಲಿ ಹುಡುಗಿಯರದ್ದೇ ಒಂದು ಯುರೋಪಿಯನ್ ಒಲಿಂಪಿಯಾಡ್ ಶುರುವಾಯಿತು. ಭಾರತವೂ ಈಗ ಅದಕ್ಕೆ ನಾಲ್ವರ ತಂಡ ಕಳಿಸುತ್ತದೆ. ಎಂಟನೆಯ ತರಗತಿಯಲ್ಲಿ ಹುಡುಗರಿಗಿಂತ ಚೊಕ್ಕವಾಗಿ ಲೆಕ್ಕ ಬಿಡಿಸುತ್ತಿದ್ದ ಹುಡುಗಿ ಭಾನುವಾರ ಬೇರೆ ಊರಿನಲ್ಲಿ ಪರೀಕ್ಷೆ ಎಂದ ಕೂಡಲೇ ಹಿಂದೆ ಸರಿಯುವುದನ್ನು ಎಲ್ಲ ಮೇಷ್ಟ್ರುಗಳೂ ನೋಡಿರುತ್ತಾರೆ. ಕರೆದುಕೊಂಡು ಹೋಗಲು ಯಾರಿಗೂ ಬಿಡುವಿರುವುದಿಲ್ಲ. ಅಣ್ಣನ ಪರೀಕ್ಷೆಗೆ ಮಾತ್ರ ಬಿಡುವು ಹೇಗೋ ಆಗುತ್ತದೆ.

ಹಾಗಾದರೆ ಶುರು ಎಲ್ಲಿಂದ? ಕೋಚಿಂಗ್ ಸೆಂಟರಿನಿಂದ ಅಲ್ಲ. ಎಂಟನೆಯ ತರಗತಿಯ ಮಗುವಿಗೆ ವಾರಕ್ಕೆ ಒಂದೇ ಒಂದು ಒಳ್ಳೆಯ ಲೆಕ್ಕ ಸಾಕು. ಶಾಲೆಯಲ್ಲಾದರೆ ಸೋಮವಾರ ನೋಟಿಸ್ ಬೋರ್ಡಿನ ಮೇಲೆ ಬರೆದುಹಾಕಿ, ಶನಿವಾರ ಮಾತಾಡಿ. ಉತ್ತರ ಬಂದವರನ್ನು ಮೊದಲು ಕರೆಯಬೇಡಿ. ಎಲ್ಲಿಯವರೆಗೆ ಹೋಗಿ ನಿಂತೆ ಎಂದು ಹೇಳಬಲ್ಲವರನ್ನು ಕರೆಯಿರಿ. ರಫ್ ಹಾಳೆಯನ್ನು ಎಸೆಯಲು ಬಿಡಬೇಡಿ. ಅಂತಾರಾಷ್ಟ್ರೀಯ ಸ್ಪರ್ಧೆಯಲ್ಲೂ ರಫ್ ಹಾಳೆಯನ್ನು ನೋಡಿ ಅಂಕ ಕೊಡುವುದುಂಟು, ನಿಜವಾದ ಯೋಚನೆ ಇರುವುದು ಅಲ್ಲೇ ತಾನೆ. ಮನೆಯಲ್ಲಾದರೆ ಇನ್ನೂ ಸುಲಭ. ಮಗು ಲೆಕ್ಕದ ಮುಂದೆ ಕೂತು ಗೋಡೆ ನೋಡುತ್ತಿದ್ದರೆ "ಏನು ಸುಮ್ಮನೆ ಕೂತಿದ್ದೀಯ" ಎನ್ನದಿದ್ದರೆ ಆಯಿತು. ಗಣಿತ ಬಾರದ ಅಮ್ಮ ಕೂಡ "ನನಗೆ ಅರ್ಥವಾಗೋ ಹಾಗೆ ಹೇಳು" ಎಂದು ಕೇಳಬಹುದು. ಹೇಳಲು ಹೊರಟಾಗಲೇ ಮಗುವಿಗೆ ತನ್ನ ವಾದದ ತೂತು ಕಾಣುತ್ತದೆ. ನಮ್ಮಂಥ ಮೇಷ್ಟ್ರುಗಳಿಗೆ ಒಂದು ಮಾತು: ಉತ್ತರ ನಮಗೇ ಗೊತ್ತಿಲ್ಲದ ಲೆಕ್ಕವನ್ನೂ ತರಗತಿಗೆ ಒಯ್ಯಬಹುದು. "ನನಗೂ ಬರಲಿಲ್ಲ, ಸೇರಿ ನೋಡೋಣ" ಎಂದರೆ ಗೌರವ ಕಡಿಮೆಯಾಗುವುದಿಲ್ಲ. ನನ್ನ ಅನುಭವದಲ್ಲಿ ತರಗತಿ ಅವತ್ತು ಎಂದಿಗಿಂತ ಗಟ್ಟಿಯಾಗಿ ಯೋಚಿಸುತ್ತದೆ.

ಎಲ್ಲ ಮಕ್ಕಳಿಗೂ ಗಣಿತವೇ ಆಗಬೇಕೆಂದಿಲ್ಲ. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ 10ರಿಂದ 17 ವರ್ಷದ ಮಕ್ಕಳು ತಮ್ಮೂರಿನದ್ದೇ ಒಂದು ಸಮಸ್ಯೆಯನ್ನು ಹಿಡಿದು, ಅಳೆದು, ಕೇಳಿ, ವರದಿ ಬರೆಯುತ್ತಾರೆ. ಕರ್ನಾಟಕದಲ್ಲಿ ಇದನ್ನು ಬಹುಕಾಲ ಬೆಳೆಸಿದ್ದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ಕೆರೆ ನೀರು ಯಾಕೆ ಹಸಿರಾಯಿತು ಎಂದು ತಿಂಗಳುಗಟ್ಟಲೆ ಅಲೆಯುವುದೂ ಗೊತ್ತಿಲ್ಲದ್ದರ ಎದುರು ಕೂತುಕೊಳ್ಳುವುದೇ. ಚಿಕ್ಕ ಮಕ್ಕಳಿಗಾದರೆ ಅಕ್ಷರ ಫೌಂಡೇಷನ್ ಎಂಬ ಸಂಸ್ಥೆ ಸರ್ಕಾರಿ ಶಾಲೆಗಳ 4, 5, 6ನೆಯ ತರಗತಿಯವರಿಗೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನಡೆಸುವ ಗಣಿತ ಸ್ಪರ್ಧೆಗಳಿವೆ. ಅವು ಒಲಿಂಪಿಯಾಡ್ ಅಲ್ಲ, ತರಗತಿಯ ಲೆಕ್ಕಗಳೇ. ಆದರೆ ಊರಿನವರು, ಪಂಚಾಯಿತಿ ಸದಸ್ಯರು ಬಂದು ಕೂತು ನಮ್ಮ ಮಕ್ಕಳಿಗೆ ಭಾಗಾಕಾರ ಬರುತ್ತದೆಯೇ ಇಲ್ಲವೇ ಎಂದು ನೋಡುವುದು ಸಣ್ಣ ಸಂಗತಿಯಲ್ಲ. ಜಾತ್ರೆಯ ಕುಸ್ತಿಗೆ ಸೇರುವ ಜನ ಲೆಕ್ಕಕ್ಕೂ ಸೇರಲಿ.

ಈ ಸ್ಪರ್ಧೆಗಳಿಂದ ಕೆಡುಕಿಲ್ಲವೇ ಎಂದರೆ ಇದೆ. ಎಂಟನೆಯ ತರಗತಿಯಲ್ಲೇ ಬೆಳಗ್ಗೆ ಐದಕ್ಕೆ ಎಬ್ಬಿಸಿ ಕೋಚಿಂಗಿಗೆ ಅಟ್ಟಿದರೆ, ರ್‍ಯಾಂಕ್ ಪಟ್ಟಿಯನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದರೆ, ತಂಗಿಯನ್ನು ಅಕ್ಕನ ಜೊತೆ ತೂಗಿದರೆ, ಸ್ಪರ್ಧೆಯಿಂದ ಬರಬೇಕಾದ ಒಳ್ಳೆಯದೆಲ್ಲ ಮಗುಚಿ ಬೀಳುತ್ತದೆ. ಆಮೇಲೆ ಆ ಮಗು ಬಿಡಿಸಲು ಬರುವ ಲೆಕ್ಕವನ್ನು ಮಾತ್ರ ಮುಟ್ಟುತ್ತದೆ, ಬಾರದ್ದರ ತಂಟೆಗೇ ಹೋಗುವುದಿಲ್ಲ. ನನ್ನ ಅಳತೆ ಇಷ್ಟೆ: ಪರೀಕ್ಷೆ ಮುಗಿದ ಸಂಜೆ ಮಗು ಬಿಡಿಸಲಾಗದ ಲೆಕ್ಕದ ಬಗ್ಗೆ ತಾನಾಗಿ ಮಾತೆತ್ತಿದರೆ ಮುಂದಿನ ವರ್ಷವೂ ಕೂರಲಿ. ಅಂಕದ ಬಗ್ಗೆ ಮಾತ್ರ ಮಾತಾಡಿ ಅತ್ತರೆ ಒಂದು ವರ್ಷ ಬಿಡಿಸಿ. ಪದಕದ ಉಪಯೋಗವೂ ಕೆಲವೆಡೆ ಉಂಟು. ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್‌ನಂಥ ಕಡೆ ಐಎನ್‌ಎಂಒ ಸಾಧನೆಗೆ ಪ್ರವೇಶದಲ್ಲಿ ಬೆಲೆಯಿದೆ. ಆದರೆ ಆ ಮಟ್ಟ ಮುಟ್ಟುವವರು ಬೆರಳೆಣಿಕೆಯಷ್ಟು. ಅದನ್ನೇ ನಂಬಿ ಮಗುವನ್ನು ಸೇರಿಸಬೇಡಿ.

ಐಒಕ್ಯುಎಂ ಸಾಮಾನ್ಯವಾಗಿ ಶೈಕ್ಷಣಿಕ ವರ್ಷದ ಮೊದಲ ಅರ್ಧದಲ್ಲೇ ನಡೆದುಹೋಗುತ್ತದೆ. ನೋಂದಣಿ ಅದಕ್ಕೂ ಮುಂಚೆಯೇ ಮುಗಿಯುತ್ತದೆ. ಆದ್ದರಿಂದ ಜೂನಿನಲ್ಲೇ ಶಾಲೆಯ ಗಣಿತ ಮೇಷ್ಟ್ರನ್ನು ಕೇಳಿ. ಅಲ್ಲಿಯವರೆಗೆ ಮನೆಯಲ್ಲಿ ಈ ಲೆಕ್ಕ ಕೊಡಿ, 1947ರಲ್ಲಿ ಅದೇ ಹಂಗೆರಿಯ ಸ್ಪರ್ಧೆಯಲ್ಲಿ ಕೇಳಿದ್ದು. ಒಂದು ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಆರು ಜನ ಕೂತಿದ್ದಾರೆ ಎಂದುಕೊಳ್ಳಿ. ಅವರಲ್ಲಿ ಪರಸ್ಪರ ಪರಿಚಯವಿರುವ ಮೂವರು ಇದ್ದೇ ಇರುತ್ತಾರೆ, ಇಲ್ಲವಾದರೆ ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಮೂವರು ಇದ್ದೇ ಇರುತ್ತಾರೆ. ಯಾಕೆ? ಐದು ಜನರಿದ್ದರೆ ಈ ಮಾತು ಸುಳ್ಳಾಗಬಹುದು. ಅದು ಹೇಗೆಂದು ಹುಡುಕುವುದರಿಂದ ಶುರುಮಾಡಿದರೆ ಒಳ್ಳೆಯದು. ಚುಕ್ಕೆ, ಗೆರೆ, ಎರಡು ಬಣ್ಣದ ಪೆನ್ಸಿಲ್ ಸಾಕು, ಸೂತ್ರ ಬೇಡ. ಮಗುವಿಗೆ ಒಂದು ವಾರ ಕೊಡಿ. ನಿಮಗೆ ಮೊದಲೇ ಹೊಳೆದರೂ ದಯವಿಟ್ಟು ಉತ್ತರ ಹೇಳಿಬಿಡಬೇಡಿ.